ವಾಸ್ತುಶಿಲ್ಪದಲ್ಲಿ ಮೇಲ್ಪದವಿ: ಶಾಲೆಯ ಹೆಸರೋ, ಕಲಿಯುವ ವಿಷಯವೋ?

ನಮ್ಮ ಜಿಲ್ಲೆಯ ಕನ್ನಡ ಶಾಲೆಗಳಲ್ಲಿ ಹತ್ತನೆಯ ತರಗತಿಯವರೆಗೆ ಓದಿ, ಪ್ಲಸ್ ಟು ಮುಗಿಸಿ, ಬಳಿಕ ಐದು ವರ್ಷ ವಾಸ್ತುಶಿಲ್ಪ ಕಲಿತು ಬಿ.ಆರ್ಕ್. ಪದವಿ ಪಡೆದ ಹುಡುಗ ಹುಡುಗಿಯರು ಈಗ ಅಪರೂಪವಲ್ಲ. ಮಗ ಇಂಜಿನಿಯರ್ ಆಗುವುದೇ ದೊಡ್ಡದೆಂದಿದ್ದ ಮನೆಗಳಲ್ಲಿ ಇಂದು ‘ಮಗಳು ಆರ್ಕಿಟೆಕ್ಟ್’ ಎಂದು ಹೆಮ್ಮೆಯಿಂದ ಹೇಳುವವರಿದ್ದಾರೆ. ಆದರೆ ಬಿ.ಆರ್ಕ್. ಫಲಿತಾಂಶ ಕೈಗೆ ಬಂದ ವಾರದಲ್ಲೇ ಇಂಥ ಮನೆಗಳ ಜಗಲಿಯಲ್ಲಿ ಹೊಸದೊಂದು ಚರ್ಚೆ ಏಳುತ್ತದೆ. ಮುಂದೆ ಓದಿಸಬೇಕೇ ಬೇಡವೇ? ಓದಿಸುವುದಾದರೆ ಎಲ್ಲಿ? ದಿಲ್ಲಿಯೋ, ಅಹಮದಾಬಾದೋ, ಅಮೆರಿಕವೋ? ಅಡಿಕೆ ತೋಟವನ್ನು ಆಧಾರ ಕೊಟ್ಟರೆ ಬ್ಯಾಂಕಿನವರು ಎಷ್ಟು ಸಾಲ ಕೊಟ್ಟಾರು?

ಸಾಮಾನ್ಯವಾಗಿ ಈ ಚರ್ಚೆ ಒಂದು ಸ್ಥಾನಪಟ್ಟಿಯಿಂದ ಆರಂಭವಾಗಿ ಆ ಪಟ್ಟಿಯಲ್ಲೇ ಮುಗಿಯುತ್ತದೆ. ಯಾವ ಕಾಲೇಜು ಒಂದನೆಯದು, ಯಾವುದು ಹತ್ತನೆಯದು ಎಂಬುದೇ ಮಾತು. ಮಗು ಅಲ್ಲಿಗೆ ಹೋಗಿ ಏನನ್ನು ಕಲಿಯಲಿದೆ ಎಂದು ಕೇಳುವವರು ಕಡಿಮೆ. ಎರಡು ವರ್ಷ ಕಾಲ ಮತ್ತು ಹಲವು ಲಕ್ಷ ರೂಪಾಯಿ ಸಂದಾಯವಾಗುವ ಈ ವಿಷಯದಲ್ಲಿ ಹೆತ್ತವರೂ ಮಕ್ಕಳೂ ತುಸು ನಿಧಾನಿಸಿ ಯೋಚಿಸುವುದು ಒಳ್ಳೆಯದೆಂಬ ಕಾರಣಕ್ಕೆ ಈ ನಾಲ್ಕು ಮಾತು.

ಬಿ.ಆರ್ಕ್. ಕೊಡುವ ಹಕ್ಕು

ಮೇಲ್ಪದವಿ ಎಂದೊಡನೆ ನಮ್ಮವರಿಗೆ ನೆನಪಾಗುವುದು ವೈದ್ಯಕೀಯ. ಬರೇ ಎಂ.ಬಿ.ಬಿ.ಎಸ್. ಆದರೆ ಸಾಲದು, ಎಂ.ಡಿ. ಆಗಬೇಕು ಎಂಬ ಮಾತು ಎಲ್ಲೆಡೆ ಕೇಳುತ್ತದೆ. ಅದೇ ಹೋಲಿಕೆಯನ್ನು ವಾಸ್ತುಶಿಲ್ಪಕ್ಕೂ ಹಚ್ಚಿ, ಎಂ.ಆರ್ಕ್. ಆಗದವನು ಅರ್ಧ ವಾಸ್ತುಶಿಲ್ಪಿ ಎಂದು ತಿಳಿಯುವವರಿದ್ದಾರೆ. ಇದು ಸರಿಯಲ್ಲ. 1972ರ ವಾಸ್ತುಶಿಲ್ಪಿಗಳ ಕಾಯಿದೆಯಂತೆ, ಮನ್ನಣೆ ಪಡೆದ ಬಿ.ಆರ್ಕ್. ಪದವಿಯುಳ್ಳವರು ದಿಲ್ಲಿಯಲ್ಲಿರುವ ವಾಸ್ತುಶಿಲ್ಪ ಪರಿಷತ್ತಿನಲ್ಲಿ, ಅಂದರೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ, ಹೆಸರು ನೋಂದಾಯಿಸಿಕೊಂಡರೆ ‘ಆರ್ಕಿಟೆಕ್ಟ್’ ಎಂಬ ಹೆಸರನ್ನು ಬಳಸುವ ಹಕ್ಕು ದೊರೆಯುತ್ತದೆ. ಈ ಕಾಯಿದೆ ಕಾಪಾಡುವುದು ಆ ಹೆಸರನ್ನೇ ಹೊರತು ಕೆಲಸವನ್ನಲ್ಲ ಎಂದು ಸುಪ್ರೀಂ ಕೋರ್ಟು 2020ರ ಮಾರ್ಚ್ ತಿಂಗಳ ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ. ಅದೇನೇ ಇರಲಿ, ಇಲ್ಲಿ ಗಮನಿಸಬೇಕಾದ ಅಂಶವೆಂದರೆ ಈ ಹಕ್ಕಿಗೆ ಎಂ.ಆರ್ಕ್. ಒಂದಿಂಚನ್ನೂ ಸೇರಿಸುವುದಿಲ್ಲ. ಬಿ.ಆರ್ಕ್. ಮುಗಿಸಿ ನೋಂದಣಿ ಮಾಡಿಕೊಂಡವನು ಪೂರ್ತಿ ವಾಸ್ತುಶಿಲ್ಪಿಯೇ. ಕಾಸರಗೋಡಿನಲ್ಲೋ ಪುತ್ತೂರಿನಲ್ಲೋ ಕಚೇರಿ ತೆರೆದು ಮನೆ, ಅಂಗಡಿ, ಕಲ್ಯಾಣಮಂಟಪಗಳ ವಿನ್ಯಾಸ ಮಾಡಿ ಬದುಕಲು ಅಷ್ಟು ಸಾಕು. ಅಂಥವರಿಗೆ ಎರಡು ವರ್ಷ ಒಬ್ಬ ಒಳ್ಳೆಯ ವಾಸ್ತುಶಿಲ್ಪಿಯ ಕೈಕೆಳಗೆ ದುಡಿಯುವುದು ಎರಡು ವರ್ಷದ ಎಂ.ಆರ್ಕ್.ಗಿಂತ ಹೆಚ್ಚು ಕಲಿಸೀತು.

ಹಾಗಾದರೆ ಮೇಲ್ಪದವಿ ಯಾರಿಗೆ ಬೇಕು? ಮುಖ್ಯವಾಗಿ ಮೂರು ಬಗೆಯವರಿಗೆ. ವಾಸ್ತುಶಿಲ್ಪ ಕಾಲೇಜಿನಲ್ಲಿ ಪಾಠ ಹೇಳಬೇಕೆಂದಿರುವವರಿಗೆ ಎಂ.ಆರ್ಕ್. ಇಲ್ಲದೆ ದಾರಿಯಿಲ್ಲ. ನಗರ ಯೋಜನೆಯ ಇಲಾಖೆಗಳಲ್ಲಿ, ಯೋಜನಾ ಸಂಸ್ಥೆಗಳಲ್ಲಿ ಕೆಲಸ ಮಾಡಬಯಸುವವರಿಗೆ ಎಂ.ಪ್ಲಾನ್. ಎಂಬ ಬೇರೆಯದೇ ಪದವಿ ಬೇಕಾಗುತ್ತದೆ. ಇನ್ನು ಉಳಿದವರೆಂದರೆ, ಐದು ವರ್ಷಗಳ ಓದಿನಲ್ಲಿ ಮೇಲುಮೇಲಿಂದ ಕಂಡ ಒಂದು ವಿಷಯದ ಆಳಕ್ಕೆ ಇಳಿಯಬೇಕೆಂಬ ಹಂಬಲವಿರುವವರು. ಹಳೆಯ ಕಟ್ಟಡಗಳ ಸಂರಕ್ಷಣೆ, ನಗರ ವಿನ್ಯಾಸ, ಭೂದೃಶ್ಯ ವಿನ್ಯಾಸ, ವಸತಿ, ಹವಾಮಾನಕ್ಕೆ ತಕ್ಕ ಕಟ್ಟಡ ನಿರ್ಮಾಣ, ಹೀಗೆ. ಈ ಮೂರರಲ್ಲಿ ಒಂದಕ್ಕೂ ಸೇರದೆ, ‘ಸದ್ಯ ಕೆಲಸ ಸಿಕ್ಕಿಲ್ಲ, ಸುಮ್ಮನೆ ಇರುವ ಬದಲು ಓದಲಿ’ ಎಂದು ಕಳುಹಿಸುವವರೂ ಇದ್ದಾರೆ. ಎರಡು ವರ್ಷಗಳ ಮೇಲೆ ಅದೇ ಪ್ರಶ್ನೆ ಸಾಲದ ಹೊರೆಯೊಂದಿಗೆ ಮರಳಿ ಅದೇ ಜಗಲಿಗೆ ಬರುತ್ತದೆ.

ಮಾತಿಗೆ ಮಾತು ಬಂತೆಂದು ಇಲ್ಲೊಂದು ಸಂಗತಿ ಹೇಳಬೇಕು. ವಾಸ್ತುಶಿಲ್ಪವೆಂದರೆ ವಾಸ್ತು ನೋಡುವುದೆಂದು ತಿಳಿದವರು ನಮ್ಮಲ್ಲಿ ಇನ್ನೂ ಇದ್ದಾರೆ. ಐದು ವರ್ಷ ಕಲಿತು ಬಂದ ಹುಡುಗಿಯ ಬಳಿ ಅಡುಗೆಮನೆ ಆಗ್ನೇಯದಲ್ಲಿದೆಯೇ ಎಂದು ಮಾತ್ರ ಕೇಳಿ, ಗಾಳಿ ಬೆಳಕಿನ ವಿಚಾರ ಬಂದಾಗ ಮೇಸ್ತ್ರಿಯನ್ನು ಕರೆಯುವ ಮನೆಗಳಿವೆ. ಅಂಥಲ್ಲಿ ಎಂ.ಆರ್ಕ್. ಆದರೂ ಅಷ್ಟೆ, ಆಗದಿದ್ದರೂ ಅಷ್ಟೆ.

ಹಿರಿಯರು ನಡೆದ ದಾರಿ

ಶಾಲೆಯನ್ನು ಆರಿಸುವುದು ಹೇಗೆಂದು ತಿಳಿಯಲು ನಮ್ಮ ದೇಶದ ದೊಡ್ಡ ವಾಸ್ತುಶಿಲ್ಪಿಗಳು ಎಲ್ಲಿ, ಯಾರ ಬಳಿ, ಏನನ್ನು ಕಲಿತರೆಂದು ನೋಡುವುದು ಉಪಯುಕ್ತ. ಅಚ್ಯುತ ಕಾನ್ವಿಂದೆಯವರು 1916ರಲ್ಲಿ ಕೊಂಕಣದ ಆಚರಾ ಎಂಬ ಹಳ್ಳಿಯಲ್ಲಿ ಹುಟ್ಟಿದವರು. ಮುಂಬಯಿಯ ಜೆ.ಜೆ. ಶಾಲೆಯಲ್ಲಿ ಓದಿದ ಮೇಲೆ ಸರ್ಕಾರವೇ ಅವರನ್ನು ಹಾರ್ವರ್ಡಿಗೆ ಕಳುಹಿಸಿತು. ಆ ದಿನಗಳಲ್ಲಿ ಅಲ್ಲಿ ವಾಸ್ತುಶಿಲ್ಪ ವಿಭಾಗವನ್ನು ನಡೆಸುತ್ತಿದ್ದವರು ಜರ್ಮನಿಯಿಂದ ಬಂದ ವಾಲ್ಟರ್ ಗ್ರೋಪಿಯಸ್. ಪ್ರಯೋಗಾಲಯ, ಕಾರ್ಖಾನೆ, ವಿದ್ಯಾಸಂಸ್ಥೆಗಳಂಥ ಕಟ್ಟಡಗಳನ್ನು ಅವುಗಳೊಳಗಿನ ಕೆಲಸಕ್ಕೆ ತಕ್ಕಂತೆ ಕಟ್ಟುವ ರೀತಿಯನ್ನು ಕಾನ್ವಿಂದೆಯವರು ಅವರಲ್ಲಿ ಕಲಿತರು. ಸ್ವಾತಂತ್ರ್ಯ ಬಂದು ದೇಶಕ್ಕೆ ಬೇಕಾಗಿದ್ದುದೂ ಅಂಥ ಕಟ್ಟಡಗಳೇ. ಕಾನ್ಪುರದ ಐ.ಐ.ಟಿ., ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಕಟ್ಟಡಗಳು ಅವರ ಕೈಯವು. ಹಾರ್ವರ್ಡ್ ಎಂಬ ಹೆಸರು ದೊಡ್ಡದು, ನಿಜ. ಆದರೆ ಕಾನ್ವಿಂದೆಯವರಿಗೆ ದಕ್ಕಿದ್ದು ಒಬ್ಬ ಗುರು ಮತ್ತು ಒಂದು ಕ್ರಮ.

ಚಾರ್ಲ್ಸ್ ಕೊರಿಯಾ ಅವರದು ಇನ್ನೂ ಸ್ಪಷ್ಟವಾದ ನಿದರ್ಶನ. 1930ರಲ್ಲಿ ಸಿಕಂದರಾಬಾದಿನಲ್ಲಿ ಹುಟ್ಟಿದ ಇವರು ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಬಿ.ಆರ್ಕ್. ಓದಿ, 1955ರಲ್ಲಿ ಎಂ.ಐ.ಟಿ.ಯಲ್ಲಿ ಎಂ.ಆರ್ಕ್. ಮುಗಿಸಿದರು. ಮೇಲ್ಪದವಿಯ ಪ್ರಬಂಧವಾಗಿ ಅವರು ಒಪ್ಪಿಸಿದ್ದು ಯಾವುದೋ ಭವ್ಯ ಕಟ್ಟಡದ ನಕ್ಷೆಯಲ್ಲ. ಒಂದು ಕೇರಿಯ ಜನ ತಮ್ಮ ಕೇರಿಯನ್ನು ತಾವೇ ಸುಧಾರಿಸಿಕೊಳ್ಳುವುದು ಹೇಗೆ ಎಂಬುದರ ಬಗ್ಗೆ ಒಂದು ಚಿತ್ರ, ಚಲನಚಿತ್ರ! ಆ ಕಾಲದಲ್ಲಿ ಅಲ್ಲಿ ಕೆವಿನ್ ಲಿಂಚ್ ಎಂಬ ಅಧ್ಯಾಪಕರಿದ್ದರು. ಜನ ತಮ್ಮ ಊರನ್ನು ಮನಸ್ಸಿನಲ್ಲಿ ಹೇಗೆ ಚಿತ್ರಿಸಿಕೊಂಡಿರುತ್ತಾರೆ ಎಂಬುದು ಅವರ ಸಂಶೋಧನೆಯ ವಿಷಯ. ಇಂಥ ವಾತಾವರಣದಲ್ಲಿ ಕಲಿತು ಬಂದ ಕೊರಿಯಾ ಅವರು ಮುಂದೆ ಶಿರೀಷ್ ಪಟೇಲ್, ಪ್ರವೀಣಾ ಮೆಹ್ತಾ ಅವರೊಂದಿಗೆ ಸೇರಿ, ಮುಂಬಯಿಯ ದಟ್ಟಣೆ ತಗ್ಗಿಸಲು ಕೊಲ್ಲಿಯಾಚೆ ಹೊಸ ನಗರ ಕಟ್ಟಬೇಕೆಂಬ ಸಲಹೆಯನ್ನು ಮುಂದಿಟ್ಟರು. 1970ರಿಂದ 1975ರವರೆಗೆ ಆ ನವಿ ಮುಂಬಯಿ ಯೋಜನೆಯ ಮುಖ್ಯ ವಾಸ್ತುಶಿಲ್ಪಿಯಾಗಿದ್ದರು. ಕಲಿತ ವಿಷಯಕ್ಕೂ ಮಾಡಿದ ಕೆಲಸಕ್ಕೂ ಇರುವ ನಂಟನ್ನು ಇಲ್ಲಿ ಕಾಣಬಹುದು.

ಇನ್ನು ಬಾಲಕೃಷ್ಣ ದೋಶಿಯವರನ್ನು ತೆಗೆದುಕೊಂಡರೆ ಅವರಲ್ಲಿ ಮೇಲ್ಪದವಿಯ ಮಾತೇ ಇಲ್ಲ. ಜೆ.ಜೆ. ಶಾಲೆಯ ಓದನ್ನು ನಡುವೆ ಬಿಟ್ಟು ಲಂಡನ್ನಿಗೆ ಹೋದವರು, 1951ರಲ್ಲಿ ಪ್ಯಾರಿಸ್ಸಿಗೆ ಹೋಗಿ ಲ ಕಾರ್ಬ್ಯೂಸಿಯೆ ಅವರ ಕಚೇರಿಯಲ್ಲಿ ಸೇರಿಕೊಂಡರು. ಮೊದಲ ಎಂಟು ತಿಂಗಳು ಸಂಬಳವಿಲ್ಲ. ಅಲ್ಲಿ ಕಲಿತದ್ದೇ ಅವರ ವಿಶ್ವವಿದ್ಯಾಲಯ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿ ಕಲ್ಲಿನ ಗೋಡೆಗಳ, ಬಳ್ಳಿ ಹಬ್ಬಿದ ಉದ್ದುದ್ದ ಮೊಗಸಾಲೆಗಳ ಐ.ಐ.ಎಂ. ಕಂಡವರಿಗೆ ಅವರ ಕೈವಾಡದ ಪರಿಚಯವಿದ್ದೀತು. 2018ರಲ್ಲಿ ವಾಸ್ತುಶಿಲ್ಪದ ಅತಿ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಅವರಿಗೆ ಬಂತು. ಭಾರತೀಯರೊಬ್ಬರಿಗೆ ಅದು ದೊರೆತುದು ಅದೇ ಮೊದಲು. ನಮ್ಮ ಕೇರಳವನ್ನೇ ಮನೆ ಮಾಡಿಕೊಂಡು 2007ರಲ್ಲಿ ತಿರುವನಂತಪುರದಲ್ಲಿ ತೀರಿಕೊಂಡ ಲಾರಿ ಬೇಕರ್ ಅವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಕಲಿತವರಾದರೂ ತಮ್ಮ ಕಟ್ಟುವ ರೀತಿಯನ್ನು ಉತ್ತರದ ಹಿಮಾಲಯದ ಹಳ್ಳಿಗಳಲ್ಲಿ, ಕೇರಳದ ಗಾರೆಯವರಲ್ಲಿ ಕಲಿತರು. ಎಲ್ಲರೂ ದೋಶಿ, ಬೇಕರ್ ಆಗುವುದಿಲ್ಲ, ಅದು ಬೇರೆ ಮಾತು. ಇಂದಿನ ಕಾಯಿದೆಯಡಿ ಪದವಿಯೇ ಇಲ್ಲದವನು ಆರ್ಕಿಟೆಕ್ಟ್ ಎಂದು ಫಲಕ ಹಾಕುವಂತೆಯೂ ಇಲ್ಲ. ಆದರೂ ಈ ನಾಲ್ವರ ಬದುಕಿನಲ್ಲಿ ಏನನ್ನು, ಯಾರಿಂದ ಕಲಿಯಬೇಕು ಎಂಬುದು ಮೊದಲು ಬಂತು. ಶಾಲೆ ಎರಡನೆಯದಾಗಿ ಬಂತು.

ವಿಷಯಕ್ಕೆ ತಕ್ಕ ಊರು

ನಮ್ಮ ದೇಶದಲ್ಲೇ ಓದುವವರಿಗೆ ಆಯ್ಕೆ ಸಾಕಷ್ಟಿದೆ. ದಿಲ್ಲಿಯ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್, ಚಿಕ್ಕದಾಗಿ ಎಸ್.ಪಿ.ಎ., 1941ರಲ್ಲಿ ದಿಲ್ಲಿ ಪಾಲಿಟೆಕ್ನಿಕ್ಕಿನ ಒಂದು ವಿಭಾಗವಾಗಿ ಹುಟ್ಟಿದುದು. ಸಂರಕ್ಷಣೆ, ನಗರ ವಿನ್ಯಾಸ, ಭೂದೃಶ್ಯ ವಿನ್ಯಾಸ, ಸಾರಿಗೆ ಯೋಜನೆ, ವಸತಿ ಯೋಜನೆ ಎಂದು ಬೇರೆ ಬೇರೆ ಮೇಲ್ಪದವಿಗಳು ಅಲ್ಲಿವೆ. 2008ರಲ್ಲಿ ಭೋಪಾಲದಲ್ಲೂ ವಿಜಯವಾಡದಲ್ಲೂ ಇದೇ ಹೆಸರಿನ ಶಾಲೆಗಳನ್ನು ಕೇಂದ್ರ ಸರ್ಕಾರ ತೆರೆಯಿತು. ರೂರ್ಕಿ, ಖರಗಪುರಗಳ ಐ.ಐ.ಟಿ.ಗಳು ಇವೆ. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯವಿದೆ; 1962ರಲ್ಲಿ ದೋಶಿಯವರೇ ಮೊದಲ ನಿರ್ದೇಶಕರಾಗಿ ಆರಂಭವಾದ ಶಾಲೆ ಅದು. ಹತ್ತಿರದಲ್ಲಿ ನೋಡುವುದಾದರೆ ತಿರುವನಂತಪುರದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು, ಕೋಝಿಕ್ಕೋಡಿನ ಎನ್.ಐ.ಟಿ., ಉತ್ತರಕ್ಕೆ ಮಣಿಪಾಲ.

ಪಟ್ಟಿ ಇಷ್ಟೇ ಅಲ್ಲ. ಆದರೆ ಮುಖ್ಯ ಮಾತೆಂದರೆ ಎಲ್ಲ ಕಡೆ ಎಲ್ಲ ವಿಷಯ ಇರುವುದಿಲ್ಲ. ಉದಾಹರಣೆಗೆ, ಕೇಂದ್ರ ಸರ್ಕಾರದ ಎನ್.ಐ.ಆರ್.ಎಫ್. ಸ್ಥಾನಪಟ್ಟಿಯಲ್ಲಿ 2023ರಲ್ಲಿ ವಾಸ್ತುಶಿಲ್ಪ ವಿಭಾಗದ ಮೊದಲ ಸ್ಥಾನ ರೂರ್ಕಿಗೆ, ಎರಡನೆಯದು ನಮ್ಮ ಕೋಝಿಕ್ಕೋಡಿಗೆ ಬಂತು. ಸಂತೋಷದ ಸಂಗತಿಯೇ. ಕೋಝಿಕ್ಕೋಡಿನಲ್ಲಿ ನಗರ ಯೋಜನೆಯ ಎಂ.ಪ್ಲಾನ್. ಇದೆ; ಪಟ್ಟಣಗಳ ಬೆಳವಣಿಗೆ, ರಸ್ತೆ, ನೀರು, ವಸತಿಗಳ ಬಗ್ಗೆ ಆಸಕ್ತಿಯಿರುವವರಿಗೆ ಮನೆಗೆ ಹತ್ತಿರದಲ್ಲಿ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಹಳೆಯ ದೇಗುಲ, ಮಸೀದಿ, ಗುತ್ತಿನ ಮನೆಗಳನ್ನು ಉಳಿಸುವ ವಿದ್ಯೆ ಬೇಕೆನ್ನುವವರು ‘ಎರಡನೆಯ ಸ್ಥಾನ’ ಎಂಬ ಒಂದೇ ಕಾರಣಕ್ಕೆ ಅಲ್ಲಿಗೆ ಅರ್ಜಿ ಹಾಕಿದರೆ ಪ್ರಯೋಜನವಿಲ್ಲ. ಆ ಪಟ್ಟಿಯು ಬೋಧನೆ, ಸಂಶೋಧನೆ, ಪದವೀಧರರ ಫಲಿತಾಂಶ, ಎಲ್ಲ ವರ್ಗದವರಿಗೆ ಅವಕಾಶ, ಜನಾಭಿಪ್ರಾಯ ಎಂಬ ಐದು ತಲೆಬರಹಗಳಲ್ಲಿ ಇಡೀ ಸಂಸ್ಥೆಯನ್ನು ಅಳೆಯುತ್ತದೆ. ನಿಮ್ಮ ಮಗು ಸೇರಲಿರುವ ಇಪ್ಪತ್ತು ಮಂದಿಯ ತರಗತಿಯನ್ನು ಅದು ಅಳೆದಿಲ್ಲ.

ಊರಿನ ಮಾತನ್ನೂ ಇಲ್ಲೇ ಹೇಳಬೇಕು. ವೈದ್ಯಕೀಯ ವಿದ್ಯಾರ್ಥಿಗೆ ಆಸ್ಪತ್ರೆ ಇದ್ದಂತೆ ವಾಸ್ತುಶಿಲ್ಪದ ವಿದ್ಯಾರ್ಥಿಗೆ ಊರು. ಅಹಮದಾಬಾದಿನ ಹಳೆಯ ಪೇಟೆಯನ್ನು 2017ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ನಗರವೆಂದು ಸಾರಿತು. ಭಾರತದಲ್ಲಿ ಆ ಮನ್ನಣೆ ಪಡೆದ ಮೊದಲ ನಗರ ಅದು. ಒಂದೆಡೆ ಕೆತ್ತನೆಯ ಮರದ ಮನೆಗಳಿರುವ ‘ಪೋಳ್’ ಎಂಬ ಕೇರಿಗಳು, ಇನ್ನೊಂದೆಡೆ ಲ ಕಾರ್ಬ್ಯೂಸಿಯೆ ಅವರ ಗಿರಣಿ ಮಾಲಿಕರ ಸಂಘದ ಕಟ್ಟಡ, ಲೂಯಿ ಕಾನ್ ಅವರ ಐ.ಐ.ಎಂ., ಸಾಬರಮತಿಯಲ್ಲಿ ಕೊರಿಯಾ ಅವರ ಗಾಂಧಿ ಸಂಗ್ರಹಾಲಯ. 2020ರ ಕೊನೆಯಲ್ಲಿ ಲೂಯಿ ಕಾನ್ ಅವರ ವಿದ್ಯಾರ್ಥಿ ನಿಲಯಗಳಲ್ಲಿ ಹೆಚ್ಚಿನವನ್ನು ಕೆಡವುವ ಪ್ರಸ್ತಾವ ಬಂದಾಗ ದೇಶ ವಿದೇಶಗಳ ವಾಸ್ತುಶಿಲ್ಪಿಗಳು ಎದ್ದು ನಿಂತರು. ಅರುವತ್ತು ವರ್ಷವೂ ಆಗದ ಇಟ್ಟಿಗೆ ಕಟ್ಟಡವನ್ನು ಉಳಿಸಬೇಕೇ, ಉಳಿಸುವುದಾದರೆ ಹೇಗೆ ಎಂಬ ಪ್ರಶ್ನೆ ಆ ಊರಿನ ವಿದ್ಯಾರ್ಥಿಗಳಿಗೆ ಪುಸ್ತಕದ ಪ್ರಶ್ನೆಯಾಗಿರಲಿಲ್ಲ. ದಿಲ್ಲಿಯಲ್ಲಿ ಓದುವವರಿಗೆ ಹುಮಾಯೂನನ ಗೋರಿ ಇದೆ. ಆಗಾ ಖಾನ್ ಟ್ರಸ್ಟಿನವರು ಅಲ್ಲಿ 2013ರಲ್ಲಿ ಮುಗಿಸಿದ ಕೆಲಸದಲ್ಲಿ, ಇಪ್ಪತ್ತನೆಯ ಶತಮಾನದಲ್ಲಿ ಮೆತ್ತಿದ್ದ ಸಿಮೆಂಟನ್ನು ಕೆತ್ತಿ ತೆಗೆದು ಮತ್ತೆ ಸುಣ್ಣದ ಗಾರೆಯನ್ನೇ ಹಾಕಿಸಿದರು.

ಈ ಸುಣ್ಣದ ವಿಚಾರ ನಮಗೆ ದೂರದ್ದಲ್ಲ. ನಮ್ಮ ಮುರಕಲ್ಲಿನ ಗೋಡೆಗೆ ಸಿಮೆಂಟು ಮೆತ್ತಿದರೆ ಒಳಗಿನ ತೇವ ಹೊರಬರಲಾರದೆ ಗೋಡೆ ಒಳಗೊಳಗೇ ಕೆಡುತ್ತದೆ. ಜೀರ್ಣೋದ್ಧಾರದ ಉತ್ಸಾಹದಲ್ಲಿ ಊರಿನವರು ಹಳೆಯ ಸುತ್ತುಗೋಪುರವನ್ನು ಕೆಡವಿ ಕಾಂಕ್ರೀಟಿನದು ಕಟ್ಟಿ, ಬ್ರಹ್ಮಕಲಶವನ್ನೂ ಮುಗಿಸಿದ ಮೇಲೆ ಹಳೆಯ ಮರದ ಕೆತ್ತನೆ ಸೌದೆಯ ರಾಶಿಯಲ್ಲಿ ಬಿದ್ದಿರುವುದನ್ನು ನಾವೆಲ್ಲ ಕಂಡಿದ್ದೇವೆ. ಮಧೂರಿನ ಗಜಪೃಷ್ಠದ ಮಾಡು, ಅನಂತಪುರದ ಸರೋವರ ದೇಗುಲ, ತಳಂಗರೆಯ ಮಾಲಿಕ್ ದೀನಾರ್ ಮಸೀದಿ, ಕೆಳದಿಯ ಅರಸರ ಕಾಲದ ಬೇಕಲ ಕೋಟೆ, ಒಳನಾಡಿನ ಗುತ್ತಿನ ಮನೆಗಳು, ಗುಡ್ಡ ಕೊರೆದು ನೀರು ತರುವ ಸುರಂಗಗಳು, ಇಷ್ಟೆಲ್ಲ ಇರುವ ಜಿಲ್ಲೆಯಲ್ಲಿ ಸಂರಕ್ಷಣೆಯನ್ನು ಶಾಸ್ತ್ರೀಯವಾಗಿ ಕಲಿತು ಬಂದು, ಆಡಳಿತ ಮಂಡಳಿಯವರ ಎದುರು ಕುಳಿತು ಕನ್ನಡದಲ್ಲೋ ತುಳುವಿನಲ್ಲೋ ಮಲಯಾಳದಲ್ಲೋ ವಿವರಿಸಿ ಹೇಳಬಲ್ಲವರು ನಾಲ್ಕಾರು ಮಂದಿಯಾದರೂ ಬೇಡವೇ? ಸುರಂಗಗಳ ಮಾತೂ ಅಷ್ಟೆ. ನೆಲ, ನೀರು, ಇಳಿಜಾರುಗಳನ್ನು ಓದುವ ಭೂದೃಶ್ಯ ವಿನ್ಯಾಸದವರಿಗೆ ಅದಕ್ಕಿಂತ ಒಳ್ಳೆಯ ಪ್ರಬಂಧ ವಿಷಯ ಸಿಗಲಾರದು. ಎಲ್ಲರೂ ಊರಿಗೆ ಮರಳಬೇಕೆಂದು ಹೇಳುತ್ತಿಲ್ಲ. ಏನನ್ನು ಓದಬೇಕೆಂದು ತೋಚದವರಿಗೆ ಮನೆಯಂಗಳದಲ್ಲೇ ವಿಷಯಗಳಿವೆ ಎಂದಷ್ಟೇ ಹೇಳುವುದು.

ಶಾಲೆ ಗೊತ್ತುಮಾಡುವ ಮೊದಲು ಸಾಧ್ಯವಿದ್ದರೆ ಒಮ್ಮೆ ಹೋಗಿ ನೋಡಿ ಬರಬೇಕು. ಕಟ್ಟಡವನ್ನಲ್ಲ, ಗ್ರಂಥಾಲಯದಲ್ಲಿ ಹಿಂದಿನ ವರ್ಷಗಳ ಪ್ರಬಂಧಗಳನ್ನಿಟ್ಟ ಕಪಾಟನ್ನು. ಯಾವ ವಿಷಯ, ಮಾರ್ಗದರ್ಶಕರು ಯಾರು, ಸ್ಥಳಕ್ಕೆ ಹೋಗಿ ಅಳೆದು ಬರೆದದ್ದೋ ಇಂಟರ್‌ನೆಟ್ಟಿನಿಂದ ಹೆಕ್ಕಿದ್ದೋ ಎಂಬುದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಬಳಿಕ ಎರಡನೆಯ ವರ್ಷದವರನ್ನು ಚಹಾದಂಗಡಿಯಲ್ಲಿ ಮಾತಿಗೆಳೆಯಬೇಕು. ವೆಬ್‌ಸೈಟಿನಲ್ಲಿ ಹೆಸರಿರುವ ಪ್ರಾಧ್ಯಾಪಕರು ನಿಜವಾಗಿ ಸ್ಟುಡಿಯೋಕ್ಕೆ ಬರುತ್ತಾರೆಯೇ? ಅತಿಥಿ ಅಧ್ಯಾಪಕರೇ ಎಲ್ಲ ನಡೆಸುತ್ತಾರೆಯೇ? ಅಧ್ಯಯನ ಪ್ರವಾಸ, ಮುದ್ರಣ, ಮಾದರಿ ತಯಾರಿಗೆ ಶುಲ್ಕದ ಹೊರತಾಗಿ ಎಷ್ಟು ಖರ್ಚಾಗುತ್ತದೆ? ಈ ಕೊನೆಯ ಬಾಬ್ತು ಪ್ರವೇಶ ಪುಸ್ತಿಕೆಯಲ್ಲಿ ಇರುವುದಿಲ್ಲ. ಹೆತ್ತವರ ಕಿಸೆಗೆ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ.

ಗೇಟ್ ಪರೀಕ್ಷೆ

ಸರ್ಕಾರಿ ಸಂಸ್ಥೆಗಳ ಬಾಗಿಲು ತೆರೆಯುವುದು ಬಹುಮಟ್ಟಿಗೆ ಗೇಟ್ ಪರೀಕ್ಷೆಯಿಂದ. ಅದರಲ್ಲಿ ಎ.ಆರ್. ಎಂಬ ಸಂಕೇತದ ಪ್ರಶ್ನೆಪತ್ರಿಕೆ ವಾಸ್ತುಶಿಲ್ಪ ಮತ್ತು ಯೋಜನೆಗೆ ಮೀಸಲು. ಮೂರು ಗಂಟೆ, 100 ಅಂಕ. ಫೆಬ್ರವರಿಯಲ್ಲಿ ಪರೀಕ್ಷೆ, ಅರ್ಜಿ ಹಿಂದಿನ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ. ಒಮ್ಮೆ ಬಂದ ಅಂಕ ಮೂರು ವರ್ಷ ನಡೆಯುತ್ತದೆ ಎಂಬುದು ಹಲವರಿಗೆ ತಿಳಿದಿಲ್ಲ. ಅಂದರೆ ಕೊನೆಯ ವರ್ಷದಲ್ಲೇ ಪರೀಕ್ಷೆ ಬರೆದಿಟ್ಟು, ಎರಡು ವರ್ಷ ಎಲ್ಲಾದರೂ ಕೆಲಸ ಮಾಡಿ, ತನಗೆ ಬೇಕಾದ ವಿಷಯ ಯಾವುದೆಂದು ಗೊತ್ತಾದ ಮೇಲೆ ಸೇರಬಹುದು. ನಮ್ಮ ಮಟ್ಟಿಗೆ ಇದೇ ಎಲ್ಲಕ್ಕಿಂತ ಒಳ್ಳೆಯ ದಾರಿ. ಎನ್.ಐ.ಟಿ.ಗಳಿಗೂ ಭೋಪಾಲ, ವಿಜಯವಾಡದ ಶಾಲೆಗಳಿಗೂ ಸಿ.ಸಿ.ಎಂ.ಟಿ. ಎಂಬ ಒಟ್ಟು ಹಂಚಿಕೆಯ ವ್ಯವಸ್ಥೆಯಿದೆ, ಐ.ಐ.ಟಿ.ಗಳಿಗೆ ಬೇರೆ ಅರ್ಜಿ. ಸೆಪ್ಟ್ ತನ್ನದೇ ಅರ್ಜಿ ಕರೆಯುತ್ತದೆ. ಗೇಟ್ ಮೂಲಕ ಅರ್ಹ ಸಂಸ್ಥೆ ಸೇರಿದವರಿಗೆ ವಿದ್ಯಾರ್ಥಿವೇತನವೂ ಉಂಟು. ಹಿಂದೆ ಇದ್ದ 8,000 ರೂಪಾಯಿಯನ್ನು ಏರಿಸಿ ತಿಂಗಳಿಗೆ 12,400 ಮಾಡಲಾಯಿತು. 24 ತಿಂಗಳಿಗೆ 2,97,600 ರೂಪಾಯಿ. ಊಟದ ಖರ್ಚಿಗೆ ಮನೆಯನ್ನು ಕಾಡಬೇಕಾಗಿಲ್ಲ.

ಕರ್ನಾಟಕದಲ್ಲಿ ಓದಬಯಸುವವರಿಗೆ ಒಂದು ಸೂಚನೆ. ಅಲ್ಲಿನ ಪರೀಕ್ಷಾ ಪ್ರಾಧಿಕಾರವು ಬಿ.ಆರ್ಕ್. ಮುಂತಾದ ಪ್ರವೇಶಗಳಲ್ಲಿ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳವರಿಗೆ ಗಡಿನಾಡ ಕನ್ನಡಿಗರೆಂಬ ಅವಕಾಶ ಕೊಟ್ಟಿದೆ. ಎಂ.ಆರ್ಕ್. ಪ್ರವೇಶಕ್ಕೆ ಅದು ಅನ್ವಯಿಸುತ್ತದೆಯೇ ಎಂಬುದನ್ನು ಆಯಾ ವರ್ಷದ ಮಾಹಿತಿ ಪುಸ್ತಿಕೆಯಲ್ಲೇ ಓದಿಕೊಳ್ಳಬೇಕು. ಬಾಯಿಮಾತನ್ನು ನಂಬಿ ಪ್ರಮಾಣಪತ್ರಕ್ಕೆ ಓಡಾಡಿ ಪ್ರಯೋಜನವಿಲ್ಲ.

ಸಮುದ್ರದಾಚೆಯ ಪದವಿಗಳು

ವಿದೇಶದ ಮಾತಿಗೆ ಬಂದರೆ ಅಲ್ಲಿ ಹೆಸರುಗಳೇ ಗೊಂದಲ. ಅಮೆರಿಕದಲ್ಲಿ ‘ಎಂ.ಆರ್ಕ್.’ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಪದವಿಗಳಿವೆ. ಒಂದು, ಇತಿಹಾಸವನ್ನೋ ಗಣಿತವನ್ನೋ ಓದಿದವರು ಮೂರು ವರ್ಷ ಕಲಿತು ವಾಸ್ತುಶಿಲ್ಪಿಗಳಾಗಲೆಂದು ಇರುವುದು. ಇದಕ್ಕೆ ನ್ಯಾಬ್ ಎಂಬ ಮಂಡಳಿಯ ಮನ್ನಣೆ ಇರುತ್ತದೆ. ಇನ್ನೊಂದು, ಈಗಾಗಲೇ ಬಿ.ಆರ್ಕ್. ಆದವರಿಗಾಗಿ ಒಂದೂವರೆ ಎರಡು ವರ್ಷದ್ದು. ಇದಕ್ಕೆ ಸಾಮಾನ್ಯವಾಗಿ ಆ ಮನ್ನಣೆ ಇರುವುದಿಲ್ಲ. ನಮ್ಮ ಮಕ್ಕಳು ಹೆಚ್ಚಾಗಿ ಸೇರುವುದು ಎರಡನೆಯದಕ್ಕೆ. ಕಲಿಕೆಗೆ ಅದು ಒಳ್ಳೆಯದೇ ಇರಬಹುದು. ಆದರೆ ಅಲ್ಲೇ ನೆಲಸಿ ಪರವಾನಗಿ ಪಡೆದ ವಾಸ್ತುಶಿಲ್ಪಿಯಾಗಬೇಕೆಂಬ ಆಸೆಯಿದ್ದರೆ ಈ ಪದವಿಯೊಂದೇ ಆ ದಾರಿಯನ್ನು ತೆರೆಯುವುದಿಲ್ಲ. ಭಾರತದ ಬಿ.ಆರ್ಕ್.ನ ಮೌಲ್ಯಮಾಪನ, 3,740 ಗಂಟೆಗಳ ದಾಖಲಿತ ಅನುಭವ, ಆರು ಭಾಗಗಳ ಪರೀಕ್ಷೆ ಇವೆಲ್ಲ ಸಾಮಾನ್ಯವಾಗಿ ಬೇರೆಯೇ ಉಳಿಯುತ್ತವೆ. ಅದಲ್ಲದೆ, ಅಲ್ಲಿ ಪ್ರತಿ ಕೋರ್ಸಿಗೂ ಒಂದು ಸರ್ಕಾರಿ ಸಂಖ್ಯೆ ಇರುತ್ತದೆ. ಓದು ಮುಗಿಸಿದ ವಿದ್ಯಾರ್ಥಿ ಅಲ್ಲಿ ಎಷ್ಟು ಕಾಲ ಕೆಲಸ ಮಾಡಬಹುದು ಎಂಬುದು ಆ ಸಂಖ್ಯೆ ವಿಜ್ಞಾನ-ತಂತ್ರಜ್ಞಾನದ ಪಟ್ಟಿಯಲ್ಲಿದೆಯೇ ಇಲ್ಲವೇ ಎಂಬುದನ್ನು ಹೊಂದಿಕೊಂಡಿದೆ. ಒಂದೇ ವಿಶ್ವವಿದ್ಯಾಲಯದ ಎರಡು ಕೋರ್ಸುಗಳಲ್ಲಿ ಒಂದು ಪಟ್ಟಿಯೊಳಗೆ, ಇನ್ನೊಂದು ಹೊರಗೆ ಇರುವುದುಂಟು. ಈ ನಿಯಮಗಳು ಅಲ್ಲಿನ ಸರ್ಕಾರದ ಗಾಳಿ ಬೀಸಿದ ಕಡೆಗೆ ಬಾಗುತ್ತವೆ ಎಂಬುದನ್ನೂ ಮರೆಯಲಾಗದು.

ಇಂಗ್ಲೆಂಡಿನಲ್ಲಿ ಬಹುಕಾಲದಿಂದ ಬಂದ ಕ್ರಮವೆಂದರೆ ಪಾರ್ಟ್ ಒಂದು, ಎರಡು, ಮೂರು ಎಂಬ ಮೆಟ್ಟಿಲುಗಳು. ಎರಡು ವರ್ಷದ ಎಂ.ಆರ್ಕ್. ಎರಡನೆಯ ಮೆಟ್ಟಿಲು. 2023ರಿಂದ ಈ ಕ್ರಮವನ್ನು ಬದಲಿಸುವ ಕೆಲಸ ನಡೆದಿದೆ. ಆದರೆ ಲಂಡನ್ನಿನಲ್ಲಿ ಒಂದು ವರ್ಷದ ಎಂ.ಎ. ಅಥವಾ ಎಂ.ಎಸ್‌ಸಿ. ಮಾಡಿದರೆ ಸಾಮಾನ್ಯವಾಗಿ ಆ ಮೆಟ್ಟಿಲು ಹತ್ತಿದಂತಾಗುವುದಿಲ್ಲ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುತೇಕ ಬೋಧನಾ ಶುಲ್ಕವಿಲ್ಲವೆಂಬುದು ನಿಜ. ಆದರೂ ಸ್ಟುಟ್‌ಗಾರ್ಟ್ ಇರುವ ರಾಜ್ಯದಲ್ಲಿ 2017ರಿಂದ ಐರೋಪ್ಯ ಒಕ್ಕೂಟದ ಹೊರಗಿನವರಿಗೆ ಅರ್ಧ ವರ್ಷಕ್ಕೆ 1,500 ಯೂರೋ ಶುಲ್ಕವಿದೆ. ಮ್ಯೂನಿಕ್ಕಿನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಶುಲ್ಕ ಹಾಕಲಾರಂಭಿಸಿತು. ಮೇಲಾಗಿ ಅಲ್ಲಿನ ಅನೇಕ ಕೋರ್ಸುಗಳಿಗೆ ಜರ್ಮನ್ ಭಾಷೆ ಬೇಕು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಕಾಲೇಜಿನಲ್ಲಿ ಇಂಗ್ಲಿಷ್ ಎಂದು ನಾಲ್ಕನ್ನು ನಿಭಾಯಿಸಿದ ನಮ್ಮ ಮಕ್ಕಳಿಗೆ ಐದನೆಯ ಭಾಷೆ ಅಸಾಧ್ಯವೇನಲ್ಲ. ವರ್ಷ ಮೊದಲೇ ಆರಂಭಿಸಬೇಕು, ಅಷ್ಟೆ. ಹಳೆಯ ಕಟ್ಟಡಗಳ ಬಲಾಬಲ ಪರೀಕ್ಷೆಯ ಬಗ್ಗೆ ಸ್ಪೇನ್, ಪೋರ್ಚುಗಲ್, ಇಟಲಿ, ಚೆಕ್ ದೇಶಗಳ ವಿಶ್ವವಿದ್ಯಾಲಯಗಳು ಒಟ್ಟಾಗಿ ನಡೆಸುವ ಒಂದು ವರ್ಷದ ಇಂಗ್ಲಿಷ್ ಕೋರ್ಸೂ ಇದೆ. ಸಂರಕ್ಷಣೆಯಲ್ಲಿ ಆಸಕ್ತಿಯುಳ್ಳವರು ಅದನ್ನು ಗಮನಿಸಬಹುದು.

ಸಾಲದ ಲೆಕ್ಕವನ್ನು ಕಾಗದದ ಮೇಲೆ ಬರೆದೇ ನೋಡಬೇಕು. ಅಮೆರಿಕದ ಹೆಸರಾಂತ ಖಾಸಗಿ ಶಾಲೆಗಳಲ್ಲಿ ಬೋಧನಾ ಶುಲ್ಕವೇ ವರ್ಷಕ್ಕೆ 50,000 ಡಾಲರಿಗೆ ಮಿಕ್ಕಿದೆ. ಊಟ, ವಸತಿ ಬೇರೆ. 40 ಲಕ್ಷ ರೂಪಾಯಿ ಸಾಲವನ್ನು ಶೇಕಡಾ 11ರ ಬಡ್ಡಿಯಲ್ಲಿ ಹತ್ತು ವರ್ಷಗಳಲ್ಲಿ ತೀರಿಸುವುದೆಂದರೆ ತಿಂಗಳ ಕಂತು ಸುಮಾರು 55,000 ರೂಪಾಯಿ. ಒಟ್ಟು ಕಟ್ಟುವುದು 66 ಲಕ್ಷ. ಓದುವ ಎರಡು ವರ್ಷಗಳ ಬಡ್ಡಿಯನ್ನು ಇದರಲ್ಲಿ ಸೇರಿಸಿಲ್ಲ. ಮರಳಿ ಬಂದು ಬೆಂಗಳೂರಿನ ಕಚೇರಿಯೊಂದರಲ್ಲಿ ಸೇರುವ ಹೊಸ ವಾಸ್ತುಶಿಲ್ಪಿಯ ಸಂಬಳ ಆ ಕಂತನ್ನು ಕಟ್ಟಿ ಬಾಡಿಗೆಗೆ ಉಳಿಯುವಷ್ಟಿರುವುದು ಕಷ್ಟ. ಅಡಿಕೆಯ ಧಾರಣೆ, ಕೊಳೆರೋಗ, ಎಲೆಚುಕ್ಕಿ ರೋಗ ಇವುಗಳನ್ನು ಬಲ್ಲ ಹಿರಿಯರಿಗೆ ತೋಟವನ್ನು ಒತ್ತೆಯಿಡುವುದೆಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ. ಏಳೂವರೆ ಲಕ್ಷದವರೆಗಿನ ವಿದ್ಯಾಭ್ಯಾಸ ಸಾಲಕ್ಕೆ ಸರ್ಕಾರದ ಖಾತರಿ ನಿಧಿಯಡಿ ಒತ್ತೆಯಿಲ್ಲದೆ ಕೊಡುವ ವ್ಯವಸ್ಥೆ ಇದೆ. ದೇಶದೊಳಗಿನ ಸರ್ಕಾರಿ ಶಾಲೆಯ ಮೇಲ್ಪದವಿಗೆ ಬಹುಮಟ್ಟಿಗೆ ಅಷ್ಟು ಸಾಕಾದೀತು. ಹೊರಗೆ ಹೋಗಲೇಬೇಕೆನ್ನುವವರು 1892ರಿಂದ ನಡೆದು ಬಂದಿರುವ ಜೆ.ಎನ್. ಟಾಟಾ ದತ್ತಿಯ ಸಾಲ-ವಿದ್ಯಾರ್ಥಿವೇತನ, ಇಂಗ್ಲೆಂಡಿನಲ್ಲಿ ಪಾರಂಪರಿಕ ಕಟ್ಟಡಗಳ ಸಂರಕ್ಷಣೆಯಂಥ ವಿಷಯಗಳಿಗೆ ನೆರವಾಗುವ ಚಾರ್ಲ್ಸ್ ವ್ಯಾಲೇಸ್ ಟ್ರಸ್ಟ್ ಇವುಗಳಿಗೆ ಮೊದಲು ಅರ್ಜಿ ಹಾಕಿ, ಉತ್ತರ ನೋಡಿ ಆಮೇಲೆ ಬ್ಯಾಂಕಿನ ಮೆಟ್ಟಿಲು ಹತ್ತಲಿ.

ಕೊನೆಗೆ ಅರ್ಜಿಯೊಡನೆ ಕಳುಹಿಸಬೇಕಾದ ಪೋರ್ಟ್‌ಫೋಲಿಯೋ, ಅಂದರೆ ತಾನು ಮಾಡಿದ ಕೆಲಸಗಳ ಚಿತ್ರಸಂಪುಟ. ವಿದೇಶದ ಶಾಲೆಗಳೂ ಸೆಪ್ಟ್‌ನಂಥ ಇಲ್ಲಿನ ಶಾಲೆಗಳೂ ಅಂಕಪಟ್ಟಿಗಿಂತ ಇದನ್ನು ಹೆಚ್ಚು ನೋಡುತ್ತವೆ. ಕನ್ನಡ ಮಾಧ್ಯಮದಿಂದ ಹೋದವರಿಗೆ ಜೂರಿಯ ಎದುರು ಇಂಗ್ಲಿಷ್ ಮಾತಾಡುವ ಅಳುಕು ಐದು ವರ್ಷಗಳಲ್ಲಿ ಹೋಗಿರುತ್ತದೆ. ಬರೆಯುವ ಅಳುಕು ಉಳಿದಿರುತ್ತದೆ. ಅದಕ್ಕೆಂದು ಹಣ ಕೊಟ್ಟು ಯಾರಿಂದಲೋ ಬರೆಸಿದ ಉದ್ದೇಶಪತ್ರ ಓದಿದವರಿಗೆ ಗೊತ್ತಾಗದೆ ಇರುವುದಿಲ್ಲ. ಮೊದಲು ಕನ್ನಡದಲ್ಲಿ ಬರೆದು, ತಾನೇ ಇಂಗ್ಲಿಷಿಗೆ ತಂದು, ವ್ಯಾಕರಣವನ್ನು ಮಾತ್ರ ಬಲ್ಲವರಿಂದ ತಿದ್ದಿಸಿಕೊಳ್ಳುವುದು ಲೇಸು. ಸಂಪುಟದಲ್ಲಿ ಕಂಪ್ಯೂಟರಿನ ಗಾಜಿನ ಗೋಪುರಗಳು ಎಲ್ಲರವೂ ಒಂದೇ ರೀತಿ ಕಾಣುತ್ತವೆ. ಅವುಗಳ ನಡುವೆ ಅಜ್ಜನ ಕಾಲದ ಒಂದು ಮುರಕಲ್ಲಿನ ಮನೆಯನ್ನೋ ಒಂದು ದೈವಸ್ಥಾನವನ್ನೋ ತಾನೇ ಟೇಪು ಹಿಡಿದು ಅಳೆದು, ಕೈಯಾರೆ ಬರೆದ ನಾಲ್ಕು ಹಾಳೆಗಳಿದ್ದರೆ ನೋಡುವವರ ಕಣ್ಣು ಅಲ್ಲಿ ನಿಲ್ಲುತ್ತದೆ. ಆ ಕೆಲಸಕ್ಕೆ ಏಪ್ರಿಲ್-ಮೇ ತಿಂಗಳೇ ಸರಿ. ಮಳೆಗೆ ಮೊದಲು ಮನೆಯವರು ಹಂಚು ಕೈಯಾಡಿಸಲು ಮಾಡು ಹತ್ತುವುದು ಆಗಲೇ. ಹಂಚು ತೆಗೆದಿಟ್ಟ ಆ ಒಂದೆರಡು ದಿನ ಪಕ್ಕಾಸು, ರೀಪುಗಳು ತೆರೆದು ಕಾಣುತ್ತವೆ, ಕೆಳಗಿನಿಂದ ಅಳೆಯಲಾಗದ ಜೋಡಣೆಗಳನ್ನೆಲ್ಲ ಏಣಿಯ ಮೇಲೆ ನಿಂತೇ ಬರೆದುಕೊಳ್ಳಬಹುದು.